ಎಪ್ಪತ್ತೆರಡಕ್ಕೊಂದು

ಟೌನ್ಸ್‌ವಿಲ್‌ನ ಸ್ಟರ್ಟ್ ಬೀದಿಯಲ್ಲಿ, ಔಷಧದಂಗಡಿಯ ಮೇಲೆ,
ಹಗಲು ನಾನು ಹಲ್ಲು ಮಾಡುತ್ತೇನೆ.
ಸಂಜೆ ಅದೇ ಮೇಜಿನ ಮೇಲೆ, ಅದೇ ಅರದಿಂದ
ವಿಮಾನ.

ಬ್ಯೂಫೋರ್ಟ್ ಬಾಂಬರು. ಆಳೆತ್ತರ ಇಲ್ಲಿ ಒಂದಂಗುಲ.
ಪೆಟ್ಟಿಗೆಯಲ್ಲಿ ಬರುವುದು ಬೂದು ಪ್ಲಾಸ್ಟಿಕ್ಕಿನ ಎಲುಬು;
ಅಂಟಿನ ಗೆರೆ ಕಾಣದಂತೆ ಉಜ್ಜುವುದು,
ಉಜ್ಜುವಾಗ ಅಳಿಸಿಹೋದ ರಿವೆಟ್ಟುಗಳನ್ನು
ಸೂಜಿಯಿಂದ ಒಂದೊಂದೇ ಮತ್ತೆ ಚುಚ್ಚುವುದು,
ರೊಟ್ಟಿ ತಟ್ಟಲು ಪುರುಸೊತ್ತಿಲ್ಲದ ಹೆಂಗಸು
ರಾತ್ರಿ ಹನ್ನೊಂದಕ್ಕೆ ರಿವೆಟ್ಟು ಎಣಿಸುತ್ತಾಳೆ
ಎಂದು ನನ್ನನ್ನು ನಾನೇ ಬೈದುಕೊಳ್ಳುವುದು.

ಪುಸ್ತಕ ಹೇಳುತ್ತದೆ: ಮೇಲೂ ಕೆಳಗೂ ಎಲೆಹಸಿರು.
ಹಸಿರಿಗೆ ನಂಬರಿದೆ, ನಂಬರಿಗೆ ಡಬ್ಬಿಯಿದೆ.
ಡಬ್ಬಿಯದನ್ನೇ ಹಚ್ಚಿದರೆ ಮಾತ್ರ ತಪ್ಪು.
ಚಿಕ್ಕದಾದಷ್ಟೂ ಬಣ್ಣ ಮಾಸಬೇಕು;
ನಡುವೆ ಇಲ್ಲದ ಗಾಳಿಯನ್ನು, ಇಲ್ಲದ ದೂರವನ್ನು
ಬಿಳಿಯ ಹನಿಯಾಗಿ ಬೆರೆಸಬೇಕು.
ಹತ್ತು ಹನಿಗೆ ಒಂದೂವರೆ.
ಅರ್ಧ ಹನಿ ಹೇಗೆ ಎಂದು ಕೇಳಬೇಡಿ,
ಕಡ್ಡಿಯ ತುದಿಗೆ ಗೊತ್ತು.

ಮರ್ವಿನ್ ಟಕ್‌ವೆಲ್ ಬಂದದ್ದು ಕೆಳದವಡೆಗೆ.
ಎಪ್ಪತ್ತಾರು ವರ್ಷ. ಕಿಸೆಯ ತುಂಬ ಹುರಿಗಡಲೆ.
ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆ ನಾಲಗೆಯ ತುದಿಗೆ ಬಂದು
ಇಂಗ್ಲಿಷಿನಲ್ಲಿ ಬಾಯಿ ಸಿಗದೆ ಹಿಂದಿರುಗಿತು.
ಅಚ್ಚಿನ ಹಿಟ್ಟು ಕಚ್ಚಿಕೊಂಡೇ ಅವನು
ಕಿಟಕಿಯ ಕಟ್ಟೆಯತ್ತ ಕೈಮಾಡಿ ಏನೋ ಅಂದ.
ತೆಗೆದ ಮೇಲೆ ತಿಳಿಯಿತು: "ಆ ಹಸಿರು ಸುಳ್ಳು."

ಇಪ್ಪತ್ತರ ಫಿಟ್ಟರು ಅವನಾಗ. ಹಾರಿದವನಲ್ಲ,
ಹಾರಿಸಿದವನು, ಹಿಂದಿರುಗಿದ್ದನ್ನು ತೊಳೆದವನು.
ಬಣ್ಣ ಮುಗಿದಿತ್ತು, ಹಡಗು ಬಂದಿರಲಿಲ್ಲ.
ಬಲರೆಕ್ಕೆಯ ಬುಡದಲ್ಲಿ ತೂತು ಮುಚ್ಚಿದ ತೇಪೆ,
ಹಚ್ಚಿದ್ದು ಕ್ಯಾಂಟೀನಿನ ಬಾಗಿಲಿಗೆಂದು ತಂದ ಕಂದು.
"ಚಹಾದ ಬಣ್ಣ," ಅಂದ.
ಮರುವಾರ ಸೆಟ್ಟು ಕೂರಿಸಲು ಬಂದಾಗ: "ಅಲ್ಲ, ಇಟ್ಟಿಗೆ."
ಅದರ ಮರುವಾರ, ಹೊಸ ಹಲ್ಲಿನಲ್ಲಿ ಕಡಲೆ ಪುಡಿಮಾಡುತ್ತ,
"ಕುದುರೆ. ನಮ್ಮ ಮನೆಯಲ್ಲೊಂದಿತ್ತು. ಒದ್ದೆಯಾದಾಗ."

ನನಗೆ ಬಣ್ಣ ಗೊತ್ತು. ಹಲ್ಲಿನ ಬಿಳುಪಿನಲ್ಲೇ ಹದಿನಾರು ಜಾತಿ.
ಕಲೆಯಿಲ್ಲದ ಹಲ್ಲು ಕಟ್ಟಿಸಿದ್ದೆಂದು ಮಗುವಿಗೂ ತಿಳಿಯುತ್ತದೆ;
ಅದಕ್ಕೇ ಕದ್ದು ಒಂದು ಚಹಾಗೆರೆ ಎಳೆಯುತ್ತೇನೆ,
ಒಂದು ಮೂಲೆ ಸವೆಸುತ್ತೇನೆ.
ಆದರೆ ಒದ್ದೆ ಕುದುರೆಗೆ ನಂಬರಿಲ್ಲ.

ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ನನ್ನ ಸೋದರಮಾವ
ಸತ್ತವರ ಕಪ್ಪು-ಬಿಳುಪು ಪಟಕ್ಕೆ ಬಣ್ಣ ತುಂಬುತ್ತಿದ್ದ.
"ಸೀರಿ ಯಾವ ಬಣ್ಣದ್ದಿತ್ರೀ?" ಅಂದರೆ
ಹಿರಿಮಗಳು ಗಿಣಿಹಸಿರು, ಕಿರಿಮಗಳು ಕುಸುಬಿ,
ಗಂಡ ಗೋಡೆ ನೋಡುತ್ತಿದ್ದ.
ಮಾವ ಕೊನೆಗೆ ಯಾವುದನ್ನು ಹಚ್ಚಿದನೋ, ಕೇಳಲಿಲ್ಲ ನಾನು.
ನನಗಾಗ ಬೇಕಿದ್ದುದು ಖಾಲಿಯಾದ ಶೀಶೆ.

ಕಾಗದದ ಚೂರಿಗೊಂದು ಕಂದು ಬಳಿದು ಹರಡಿದೆ.
ಮರ್ವಿನ್ ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ,
ಏಳನೆಯದಕ್ಕೆ ತಲೆಯಾಡಿಸಿದ. ಆಮೇಲೆ ಹನ್ನೊಂದನೆಯದಕ್ಕೂ.
ಎರಡನ್ನೂ ಬೆರೆಸಿದೆ.
ದೂರಕ್ಕೆಂದು ಒಂದೂವರೆ ಹನಿ ಬಿಳಿ.
ಐವತ್ತಾರು ವರ್ಷಕ್ಕೆ ಎಷ್ಟು ಹನಿ? ಪುಸ್ತಕದಲ್ಲಿಲ್ಲ.

ಡಿಸೆಂಬರಿನಲ್ಲಿ ಅವನ ಮಗಳು ಲೊರೇನ್ ಬಂದಳು.
"ನಿಮ್ಮ ಹಲ್ಲು ಹಾಕಿಯೇ ಕಳಿಸಿಕೊಟ್ಟೆವು, ಚೆನ್ನಾಗಿ ಕೂತಿತ್ತು,"
ಎಂದು, ಬಿಸ್ಕತ್ತಿನ ಡಬ್ಬಿಯಿಂದ ಫೋಟೋ ತೆಗೆದಳು.
ಅಂಗಿಯಿಲ್ಲದ ಮೂವರು ಹುಡುಗರು, ಅವರ ಹಿಂದೆ ವಿಮಾನ.
ರೆಕ್ಕೆಯ ಬುಡದಲ್ಲಿ ಅಂಗೈಯಗಲದ ತೇಪೆ
ಇತ್ತು.
ಎಡಗಡೆ.

ಭೂತಗನ್ನಡಿ ಹಿಡಿದೆ. ಹಸಿರೂ ಬೂದು, ತೇಪೆಯೂ ಬೂದು,
ನಡುವೆ ಒಂದು ಕೂದಲಷ್ಟು ಹೆಚ್ಚುಕಡಿಮೆ.
ಫೋಟೋ ತಿರುಗಿ ಅಚ್ಚಾಗಿರಬಹುದೇ?
ಹುಡುಗರ ಮಣಿಕಟ್ಟು ನೋಡಿದೆ, ಆರೂ.
ಒಬ್ಬನ ಕೈಯಲ್ಲೂ ಗಡಿಯಾರವಿಲ್ಲ.
ನಡುವಿನವನು ನಗುತ್ತಿದ್ದಾನೆ, ಕೆಳದವಡೆಯಲ್ಲಿ
ಎಲ್ಲವೂ ಇವೆ, ಒಂದು ಸ್ವಲ್ಪ ವಾರೆ.
ಅದು ಗೊತ್ತಿದ್ದರೆ ನಾನೂ ವಾರೆಯಾಗಿ ಕೂರಿಸುತ್ತಿದ್ದೆ.

ವಿಮಾನ ಕಿಟಕಿಯ ಕಟ್ಟೆಯ ಮೇಲೇ ಇದೆ, ತೇಪೆ ಬಲಕ್ಕೆ.
ಅಚ್ಚು ಕೊಡಲು ಬಂದವರು ಕೈಮಾಡಿ ಏನೋ ಕೇಳುತ್ತಾರೆ.
ಹಿಟ್ಟು ಗಟ್ಟಿಯಾಗಲು ಎರಡು ನಿಮಿಷ ಬೇಕು.
ಅಲ್ಲಾಡಬೇಡಿ, ಅನ್ನುತ್ತೇನೆ.